ರೀಸನಿಂಗ್ ಪ್ರಶ್ನೆ: ಹೇಳಿಕೆಯಿಂದ ಯಾವ ತೀರ್ಮಾನ ಹೊರಡುತ್ತೆ, ಯಾವುದು ಹೊರಡಲ್ಲ? ಪರೀಕ್ಷೆ ಬರೆಯೋರಿಗೂ ಅಂಗಡಿಯವರಿಗೂ ಪೂರ್ತಿ ಮಾಹಿತಿ

ಹಾವೇರಿ: ಬ್ಯಾಂಕ್ ಪರೀಕ್ಷೆ ಇರಲಿ, ರೈಲ್ವೆ ಇರಲಿ, ಸ್ಟಾಫ್ ಸೆಲೆಕ್ಷನ್ ಕಮಿಷನ್ ಇರಲಿ, ‘ಹೇಳಿಕೆ ಮತ್ತು ತೀರ್ಮಾನ’ ಮಾದರಿಯ ಪ್ರಶ್ನೆ ಬಿಟ್ಟು ಪತ್ರಿಕೆ ಬರೋದು ಕಡಿಮೆ. ರಾಜ್ಯದ ಪರೀಕ್ಷೆಗಳಲ್ಲಿ ಇದೇ ಸರಕು ‘ಮಾನಸಿಕ ಸಾಮರ್ಥ್ಯ’ ಅನ್ನೋ ಹೆಸರಲ್ಲಿ ಬರುತ್ತೆ. ಇದಕ್ಕೆ ಸೂತ್ರ ಬೇಡ, ಇಸವಿ ಬಾಯಿಪಾಠ ಬೇಡ. ಎರಡು ಸಾಲು ಓದಬೇಕು, ಕೆಳಗಿನ ತೀರ್ಮಾನ ಸರಿಯೋ ತಪ್ಪೋ ಗುರುತು ಹಾಕಬೇಕು, ಅಷ್ಟೇ. ನೋಡೋಕೆ ಇಷ್ಟು ಸುಲಭ ಇರೋ ಈ ಭಾಗದಲ್ಲೇ ಬಹಳ ಜನರ ಅಂಕ ಹೋಗುತ್ತೆ.

ಜಿಲ್ಲೆಯ ಹಳ್ಳಿಗಳಿಂದ ಧಾರವಾಡದ ಸಪ್ತಾಪುರಕ್ಕೆ ಹೋಗಿ, ರೂಮ್ ಬಾಡಿಗೆ, ಮೆಸ್ ಬಿಲ್ಲು, ಕೋಚಿಂಗ್ ಫೀ ಕಟ್ಟಿ ಓದೋ ಹುಡುಗ ಹುಡುಗಿಯರಿಗೆ ಅರ್ಧ ಅಂಕ ಅಂದ್ರೆ ಒಂದು ವರ್ಷದ ಮಾತು. ಕಟ್‌ಆಫ್ ಹತ್ತಿರ ನೂರಾರು ಜನ ಒಂದೇ ಅಂಕದ ಸುತ್ತ ನಿಂತಿರ್ತಾರೆ. ಅದರ ಮೇಲೆ ತಪ್ಪು ಉತ್ತರಕ್ಕೆ ಅಂಕ ಕಡಿತ ಬೇರೆ. ಐಬಿಪಿಎಸ್ ನಡೆಸೋ ಬ್ಯಾಂಕ್ ಪರೀಕ್ಷೆಗಳಲ್ಲಿ ಒಂದು ತಪ್ಪಿಗೆ ಕಾಲು ಭಾಗ ಕಡಿತ, ರೈಲ್ವೆಯಲ್ಲಿ ಮೂರನೇ ಒಂದು ಭಾಗ.

ಕನ್ನಡದಲ್ಲಿ ಬರೆಯೋ ಅವಕಾಶವೂ ಈಗ ಹೆಚ್ಚಾಗಿದೆ. 2024ರ ಜನವರಿಯಿಂದ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೇಬಲ್ ಪರೀಕ್ಷೆ ಹಿಂದಿ, ಇಂಗ್ಲಿಷ್ ಜೊತೆ ಕನ್ನಡ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೀತಿದೆ. ಹಾಗಾಗಿ ಕನ್ನಡದ ‘ಎಲ್ಲ’, ‘ಕೆಲವು’, ‘ಮಾತ್ರ’ ಅನ್ನೋ ಪದಗಳಲ್ಲಿ ಏನು ಅಡಗಿದೆ ಅಂತ ತಿಳ್ಕೊಳ್ಳೋದು ಈಗ ನೇರವಾಗಿ ಅಂಕದ ಪ್ರಶ್ನೆ.

ನಿಯಮ ಒಂದೇ

ಇಡೀ ವಿಷಯ ಒಂದು ಸಾಲಿನಲ್ಲಿದೆ. ಕೊಟ್ಟ ಹೇಳಿಕೆಗಳು ನಿಜ ಅಂತ ಒಪ್ಪಿಕೊಂಡ ಮೇಲೆ, ತೀರ್ಮಾನ ಸುಳ್ಳಾಗೋಕೆ ಒಂದು ದಾರಿಯೂ ಉಳೀಬಾರದು. ಒಂದು ದಾರಿ ಸಿಕ್ಕರೂ ಆ ತೀರ್ಮಾನ ‘ಹೊರಡಲ್ಲ’.

ಗಮನಿಸಿ, ಇಲ್ಲಿ ತೀರ್ಮಾನ ನಿಜವೋ ಸುಳ್ಳೋ ಅಂತ ಯಾರೂ ಕೇಳ್ತಿಲ್ಲ. ಹೇಳಿಕೆಯಿಂದ ಅದು ಹೊರಡುತ್ತಾ ಅಂತ ಮಾತ್ರ ಕೇಳ್ತಿದ್ದಾರೆ. ಇವೆರಡೂ ಬೇರೆ ಬೇರೆ. ಪ್ರಶ್ನೆಪತ್ರಿಕೆಯ ಸೂಚನೆಯಲ್ಲೇ, ಹೇಳಿಕೆಗಳು ಲೋಕರೂಢಿಗೆ ವಿರುದ್ಧ ಅನಿಸಿದರೂ ಅವನ್ನು ನಿಜ ಅಂತ ತಗೊಳ್ಳಿ ಅನ್ನೋ ಅರ್ಥದ ಸಾಲು ಇರುತ್ತೆ. ‘ಎಲ್ಲ ಎಮ್ಮೆಗಳು ಬಸ್ಸುಗಳು’ ಅಂತ ಕೊಟ್ಟರೆ ಆ ಒಂದು ನಿಮಿಷಕ್ಕೆ ಎಮ್ಮೆ ಬಸ್ಸೇ.

ಎಮ್ಮೆ-ಬಸ್ಸಿನ ಪ್ರಶ್ನೆಯಲ್ಲಿ ಜನ ಎಡವೋದು ಕಡಿಮೆ, ಯಾಕಂದ್ರೆ ಅಲ್ಲಿ ತಲೆಯೊಳಗಿನ ಜ್ಞಾನ ಅಡ್ಡ ಬರಲ್ಲ. ಗೊತ್ತಿರೋ ವಿಷಯ ಬಂದಾಗಲೇ ಎಡವೋದು. ಈ ಪ್ರಶ್ನೆ ನೋಡಿ: ‘ಎಲ್ಲ ಸೀರೆಗಳು ಬಟ್ಟೆಗಳು. ಕೆಲವು ಬಟ್ಟೆಗಳು ರೇಷ್ಮೆಯವು. ಆದ್ದರಿಂದ ಕೆಲವು ಸೀರೆಗಳು ರೇಷ್ಮೆಯವು.’ ಮೊಳಕಾಲ್ಮೂರು ಸೀರೆ ನೋಡಿದ ಯಾರಾದರೂ ತಟ್ಟನೆ ‘ಸರಿ’ ಅಂತಾರೆ. ರೇಷ್ಮೆ ಸೀರೆ ಇರೋದು ನಿಜವೇ. ಆದ್ರೆ ಈ ಎರಡು ಹೇಳಿಕೆಗಳಿಂದ ಅದು ಹೊರಡಲ್ಲ. ರೇಷ್ಮೆ ಇರೋ ಬಟ್ಟೆ ಪಂಚೆ ಮಾತ್ರ ಆಗಿರಬಹುದು, ಶಲ್ಯ ಮಾತ್ರ ಆಗಿರಬಹುದು. ಆಗಲೂ ಎರಡೂ ಹೇಳಿಕೆ ನಿಜವಾಗೇ ಇರ್ತವೆ. ಸುಳ್ಳಾಗೋಕೆ ದಾರಿ ಸಿಕ್ತು, ತೀರ್ಮಾನ ಬಿದ್ದುಹೋಯ್ತು. ಪ್ರಶ್ನೆ ತಯಾರಿಸೋರು ಬಲೆ ಹಾಕೋದು ಇಲ್ಲೇ: ಲೋಕದಲ್ಲಿ ನಿಜ, ಹೇಳಿಕೆಯಲ್ಲಿ ಇಲ್ಲ.

ಬ್ಯಾಡಗಿ ಪೇಟೆಗೆ ಗೊತ್ತಿರೋ ಲೆಕ್ಕ

‘ಎಲ್ಲ ಬ್ಯಾಡಗಿ ಮೆಣಸಿನಕಾಯಿಗಳು ಕೆಂಪು’ ಅನ್ನೋದು ಹೇಳಿಕೆ ಅಂತಿಟ್ಟುಕೊಳ್ಳಿ. ಇದರಿಂದ ‘ಕೆಂಪಗಿರೋದೆಲ್ಲ ಬ್ಯಾಡಗಿ’ ಅಂತ ಹೇಳಬಹುದಾ? ಪೇಟೆಯಲ್ಲಿ ಒಂದು ದಿನ ಚೀಲ ಬಿಚ್ಚಿ ನೋಡಿದವರೂ ನಗ್ತಾರೆ. 2011ರಲ್ಲಿ ಭೌಗೋಳಿಕ ಸೂಚಿಕೆ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರು, ಖಾರ ಕಡಿಮೆ. ಅದೇ ಪ್ರಾಂಗಣಕ್ಕೆ ಗುಂಟೂರು ತಳಿಯೂ ಬರುತ್ತೆ, ಅದೂ ಕೆಂಪೇ. ಬಣ್ಣ ಒಂದನ್ನೇ ನೋಡಿ ಬ್ಯಾಡಗಿ ಅಂತ ರೊಕ್ಕ ಎಣಿಸಿದವರು ಮನೆಗೆ ಹೋಗಿ ಸಾರು ಮಾಡಿದ ಮೇಲೆ ಕಣ್ಣೀರು ಹಾಕಬೇಕಾಗುತ್ತೆ.

ಪರೀಕ್ಷೆಯ ಭಾಷೆಯಲ್ಲಿ ಇದರ ಅರ್ಥ: ‘ಎಲ್ಲ ಅ ಗಳು ಬ’ ಅಂದಾಗ ತಿರುಗಿಸಿ ‘ಎಲ್ಲ ಬ ಗಳು ಅ’ ಅನ್ನೋ ಹಾಗಿಲ್ಲ. ಆದ್ರೆ ‘ಕೆಲವು ಬ ಗಳು ಅ’ ಅನ್ನಬಹುದು. ಕೆಂಪಗಿರೋದ್ರಲ್ಲಿ ಕೆಲವಾದರೂ ಬ್ಯಾಡಗಿ ಆಗಿರಲೇಬೇಕಲ್ಲ. ‘ಕೆಲವು ಅ ಗಳು ಬ’ ಅಂದ್ರೆ ತಿರುಗಿಸಬಹುದು. ‘ಯಾವ ಅ ಕೂಡ ಬ ಅಲ್ಲ’ ಅನ್ನೋದನ್ನೂ ತಿರುಗಿಸಬಹುದು. ‘ಕೆಲವು ಅ ಗಳು ಬ ಅಲ್ಲ’ ಅನ್ನೋದನ್ನು ಮಾತ್ರ ತಿರುಗಿಸೋಕೆ ಬರಲ್ಲ. ಕೆಲವು ಕೆಂಪು ಕಾಯಿ ಬ್ಯಾಡಗಿ ಅಲ್ಲ ಅಂದ ಮಾತ್ರಕ್ಕೆ ಕೆಲವು ಬ್ಯಾಡಗಿ ಕೆಂಪಲ್ಲ ಅಂತ ಆಗಲ್ಲ.

ಎರಡು ಹೇಳಿಕೆ ಕೊಟ್ಟಾಗ ಎರಡರಲ್ಲೂ ಬರೋ ಪದವನ್ನು ಮೊದಲು ಹುಡುಕಬೇಕು. ಸೀರೆಯ ಪ್ರಶ್ನೆಯಲ್ಲಿ ಅದು ‘ಬಟ್ಟೆ’. ಆ ನಡುವಿನ ಪದ ಒಂದು ಹೇಳಿಕೆಯಲ್ಲಾದರೂ ಪೂರ್ತಿ, ಅಂದ್ರೆ ‘ಎಲ್ಲ ಬಟ್ಟೆಗಳು’ ಅಥವಾ ‘ಯಾವ ಬಟ್ಟೆಯೂ’ ಅನ್ನೋ ಲೆಕ್ಕದಲ್ಲಿ ಬಂದಿಲ್ಲ ಅಂದ್ರೆ ಎರಡು ತುದಿ ಜೋಡಿಸೋಕೆ ಆಗಲ್ಲ. ‘ಕೆಲವು ವ್ಯಾಪಾರಿಗಳು ರೈತರು, ಕೆಲವು ರೈತರು ಶಿಕ್ಷಕರು’ ಅಂತ ಕೊಟ್ಟರೆ ವ್ಯಾಪಾರಿಗೂ ಶಿಕ್ಷಕರಿಗೂ ಏನೂ ಸಂಬಂಧ ಹೇಳೋ ಹಾಗಿಲ್ಲ. ‘ಕೆಲವು’ ಮತ್ತು ‘ಕೆಲವು’ ಸೇರಿದರೆ ಸೊನ್ನೆ ಅಂತ ಕೋಚಿಂಗ್ ತರಗತಿಯಲ್ಲಿ ಹೇಳೋದು ಇದನ್ನೇ.

ಅನುಮಾನ ಇದ್ದಾಗ ವೃತ್ತ ಬರೆಯೋದು ಒಳ್ಳೇದು. ಇಂಗ್ಲೆಂಡಿನ ಜಾನ್ ವೆನ್ 1880ರಲ್ಲಿ ಪ್ರಚಾರಕ್ಕೆ ತಂದ ವೆನ್ ಚಿತ್ರ ಶಾಲೆಯ ಗಣಿತದಲ್ಲಿ ಬಂದಿರುತ್ತೆ. ಆದ್ರೆ ಹೆಚ್ಚಿನವರು ಒಂದೇ ಚಿತ್ರ ಬರೆದು, ಅದರಲ್ಲಿ ತೀರ್ಮಾನ ಸರಿ ಕಂಡ ಕೂಡಲೇ ಗುರುತು ಹಾಕಿ ಮುಂದೆ ಹೋಗ್ತಾರೆ. ಅದು ಉಲ್ಟಾ ಕೆಲಸ. ತೀರ್ಮಾನವನ್ನು ಕೆಡವೋ ಚಿತ್ರ ಬರೆಯೋಕೆ ನೋಡಬೇಕು. ಎಷ್ಟು ಪ್ರಯತ್ನ ಮಾಡಿದರೂ ಕೆಡವೋಕೆ ಆಗ್ಲಿಲ್ಲ ಅಂದ್ರೆ ಆಗ ಅದು ಗಟ್ಟಿ.

ಬ್ಯಾಂಕ್ ಪರೀಕ್ಷೆಯಲ್ಲಿ ಬರೋ ಇನ್ನೊಂದು ತಿರುವು ‘ಒಂದೋ ಅದು, ಇಲ್ಲವೇ ಇದು’. ‘ಎಲ್ಲ ಪೆನ್ನುಗಳು ಪುಸ್ತಕಗಳು. ಕೆಲವು ಪುಸ್ತಕಗಳು ಚೀಲಗಳು.’ ತೀರ್ಮಾನ ಒಂದು: ಕೆಲವು ಪೆನ್ನುಗಳು ಚೀಲಗಳು. ತೀರ್ಮಾನ ಎರಡು: ಯಾವ ಪೆನ್ನೂ ಚೀಲವಲ್ಲ. ಬಿಡಿಯಾಗಿ ಎರಡೂ ಹೊರಡಲ್ಲ. ಆದ್ರೆ ಎರಡರಲ್ಲಿ ಒಂದು ನಿಜ ಆಗಲೇಬೇಕು, ಮೂರನೇ ದಾರಿ ಇಲ್ಲ. ಉತ್ತರ ‘ಒಂದು ಅಥವಾ ಎರಡು’. ‘ಎರಡೂ ಹೊರಡಲ್ಲ’ ಅಂತ ಗುರುತು ಹಾಕಿದವರ ಅಂಕ ಹೋಯ್ತು.

ಕನ್ನಡದ ‘ಎಲ್ಲ… ಇಲ್ಲ’ ಗೊಂದಲ

‘ಎಲ್ಲ ಅಂಗಡಿಗಳು ತೆರೆದಿಲ್ಲ’ ಅಂತ ಬಂದ್ ದಿನ ಯಾರೋ ಫೋನಲ್ಲಿ ಹೇಳ್ತಾರೆ. ಒಂದೂ ತೆರೆದಿಲ್ಲ ಅಂತಲೋ? ಕೆಲವು ಮುಚ್ಚಿವೆ, ಕೆಲವು ತೆರೆದಿವೆ ಅಂತಲೋ? ಕನ್ನಡದಲ್ಲಿ ಎರಡೂ ಅರ್ಥ ಬರುತ್ತೆ. ಮಾತಲ್ಲಿ ಧ್ವನಿ ಕೇಳಿ ತಿಳ್ಕೋತೀವಿ, ಪತ್ರಿಕೆಯಲ್ಲಿ ಧ್ವನಿ ಇರಲ್ಲ. ‘ಯಾವ ಅಂಗಡಿಯೂ ತೆರೆದಿಲ್ಲ’ ಅಂತ ಬರೆದರೆ ಗೊಂದಲ ಇಲ್ಲ. ಹಾಗೆ ಬರೆಯದೆ ‘ಎಲ್ಲ… ಅಲ್ಲ’ ಅಂತ ಇದ್ದರೆ ಪಕ್ಕದ ಇಂಗ್ಲಿಷ್ ಸಾಲಿನ ಮೇಲೂ ಒಮ್ಮೆ ಕಣ್ಣು ಹಾಯಿಸೋದು ಕ್ಷೇಮ. ಕೆಪಿಎಸ್‌ಸಿ 2024ರ ಆಗಸ್ಟ್‌ನಲ್ಲಿ ನಡೆಸಿದ ಕೆಎಎಸ್ ಪೂರ್ವಭಾವಿ ಪರೀಕ್ಷೆಯ ಕನ್ನಡ ಅನುವಾದದ ಎಡವಟ್ಟು ಎಷ್ಟು ದೊಡ್ಡ ರಾದ್ಧಾಂತ ಆಯ್ತು, ಅದೇ ಡಿಸೆಂಬರ್ 29ಕ್ಕೆ ಮರುಪರೀಕ್ಷೆ ನಡೆಯಿತು ಅನ್ನೋದು ಅಭ್ಯರ್ಥಿಗಳಿಗೆ ಮರೆತಿಲ್ಲ.

‘ಕೆಲವು’ ಇನ್ನೊಂದು ಕಿರಿಕಿರಿ. ‘ಕೆಲವು ಅಂಗಡಿ ತೆರೆದಿವೆ’ ಅಂದರೆ ಉಳಿದವು ಮುಚ್ಚಿವೆ ಅಂತ ಕಿವಿ ತಾನೇ ಸೇರಿಸಿಕೊಳ್ಳುತ್ತೆ. ತರ್ಕದಲ್ಲಿ ‘ಕೆಲವು’ ಅಂದ್ರೆ ‘ಕಡೇಪಕ್ಷ ಒಂದು’ ಅಷ್ಟೇ. ಎಲ್ಲವೂ ತೆರೆದಿದ್ದರೂ ‘ಕೆಲವು ತೆರೆದಿವೆ’ ನಿಜವೇ. ಹಾಗಾಗಿ ‘ಕೆಲವು ಅ ಗಳು ಬ’ ಅನ್ನೋದರಿಂದ ‘ಕೆಲವು ಅ ಗಳು ಬ ಅಲ್ಲ’ ಅನ್ನೋದು ಎಂದಿಗೂ ಹೊರಡಲ್ಲ.

‘ಮಾತ್ರ’ ಬಂದರೆ ಪೆನ್ನು ಕೆಳಗಿಟ್ಟು ಎರಡು ಸಲ ಓದಬೇಕು. ‘ಹಾಲ್ ಟಿಕೆಟ್ ಇದ್ದವರಿಗೆ ಮಾತ್ರ ಪ್ರವೇಶ’ ಅಂದರೆ ಒಳಗೆ ಹೋದವರ ಹತ್ತಿರ ಹಾಲ್ ಟಿಕೆಟ್ ಇತ್ತು ಅಂತ ಗ್ಯಾರಂಟಿ. ಹಾಲ್ ಟಿಕೆಟ್ ಇದ್ದವರೆಲ್ಲ ಒಳಗೆ ಹೋದರು ಅಂತ ಗ್ಯಾರಂಟಿ ಇಲ್ಲ. ತಡವಾಗಿ ಬಂದು ಗೇಟ್ ಹೊರಗೆ ನಿಂತು ಅತ್ತವರ ಕೈಯಲ್ಲೂ ಹಾಲ್ ಟಿಕೆಟ್ ಇರುತ್ತೆ.

‘ಆದರೆ–ಆಗ’ ಪ್ರಶ್ನೆ: ಅಂಗಡಿಯವರು ಇದರಲ್ಲಿ ಪಾಸು

ಒಂದು ಕಿರಾಣಿ ಅಂಗಡಿ. ನಿಯಮ: ಸಿಗರೇಟು ಕೊಳ್ಳೋರಿಗೆ 21 ವರ್ಷ ತುಂಬಿರಬೇಕು. (ಕರ್ನಾಟಕದ ತಿದ್ದುಪಡಿ ಕಾಯ್ದೆಗೆ 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿ ಅಂಕಿತ ಬಿದ್ದ ಮೇಲೆ ಈ ವಯಸ್ಸು 18ರಿಂದ 21ಕ್ಕೆ ಏರಿದೆ. ಇನ್ನೂ ಹಳೇ ಬೋರ್ಡ್ ಇಟ್ಟುಕೊಂಡವರು ಬದಲಿಸೋದು ಒಳ್ಳೇದು.) ನಾಲ್ಕು ಗಿರಾಕಿಗಳು ನಿಂತಿದ್ದಾರೆ. ಮೊದಲನೆಯವ ಸಿಗರೇಟು ಕೇಳ್ತಿದ್ದಾನೆ, ವಯಸ್ಸು ಗೊತ್ತಿಲ್ಲ. ಎರಡನೆಯವ ಬಿಸ್ಕತ್ತು ಕೇಳ್ತಿದ್ದಾನೆ, ವಯಸ್ಸು ಗೊತ್ತಿಲ್ಲ. ಮೂರನೆಯವರಿಗೆ 45 ಆಗಿರೋದು ಗೊತ್ತು, ಏನು ಬೇಕು ಅಂತ ಗೊತ್ತಿಲ್ಲ. ನಾಲ್ಕನೆಯವ 17ರ ಹುಡುಗ, ಏನು ಬೇಕು ಅಂತ ಗೊತ್ತಿಲ್ಲ. ನಿಯಮ ಮುರೀತಿದೆಯಾ ಅಂತ ತಿಳಿಯೋಕೆ ಯಾರನ್ನು ವಿಚಾರಿಸಬೇಕು?

ಯಾವ ಅಂಗಡಿಯವರೂ ಯೋಚಿಸದೆ ಹೇಳ್ತಾರೆ: ಸಿಗರೇಟು ಕೇಳಿದವನನ್ನು, ಮತ್ತು 17ರ ಹುಡುಗನನ್ನು. ಬಿಸ್ಕತ್ತಿನವನ ವಯಸ್ಸು ಎಷ್ಟಾದರೇನು, 45ರವರು ಏನು ಕೊಂಡರೇನು.

ಈಗ ಇದನ್ನೇ ಅಕ್ಷರ-ಅಂಕಿಯಲ್ಲಿ ನೋಡಿ. ನಾಲ್ಕು ಕಾರ್ಡುಗಳು. ಪ್ರತಿಯೊಂದರ ಒಂದು ಕಡೆ ಅಕ್ಷರ, ಇನ್ನೊಂದು ಕಡೆ ಅಂಕಿ. ಮೇಲೆ ಕಾಣ್ತಿರೋದು ಅ, ಕ, 4, 7. ನಿಯಮ: ಒಂದು ಕಡೆ ಸ್ವರ ಇದ್ದರೆ ಇನ್ನೊಂದು ಕಡೆ ಸಮಸಂಖ್ಯೆ ಇರಬೇಕು. ನಿಯಮ ನಿಜವಾ ಅಂತ ನೋಡೋಕೆ ಯಾವ ಕಾರ್ಡ್ ಮಗುಚಬೇಕು? ಹೆಚ್ಚಿನವರು ‘ಅ ಮತ್ತು 4’ ಅಂತಾರೆ. ಸರಿ ಉತ್ತರ ‘ಅ ಮತ್ತು 7’. 4ರ ಹಿಂದೆ ವ್ಯಂಜನ ಇದ್ದರೂ ನಿಯಮ ಮುರಿಯಲ್ಲ. 7ರ ಹಿಂದೆ ಸ್ವರ ಇದ್ದರೆ ಮುರಿಯುತ್ತೆ. ಸಿಗರೇಟು ಅಂದ್ರೆ ಸ್ವರ, 17ರ ಹುಡುಗ ಅಂದ್ರೆ 7. ಲೆಕ್ಕ ಅದೇ, ವೇಷ ಮಾತ್ರ ಬೇರೆ.

ಈ ಮಾದರಿಯ ಕಾರ್ಡ್ ಪ್ರಶ್ನೆಯನ್ನು ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಪೀಟರ್ ವೇಸನ್ 1966ರಲ್ಲಿ ಪ್ರಕಟಿಸಿದ್ದು. ಓದಿದವರಲ್ಲೂ ಹತ್ತರಲ್ಲಿ ಒಬ್ಬರಿಗೂ ಸರಿ ಉತ್ತರ ಬರೋದು ಕಷ್ಟ ಅಂತ ಆಮೇಲಿನ ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡಿದೆ. 1982ರಲ್ಲಿ ಅಮೆರಿಕದ ಗ್ರಿಗ್ಸ್ ಮತ್ತು ಕಾಕ್ಸ್ ಅಕ್ಷರ ತೆಗೆದು ಬಿಯರ್ ಮತ್ತು ವಯಸ್ಸು ಇಟ್ಟು ಕೇಳಿದಾಗ ಸುಮಾರು ನಾಲ್ಕರಲ್ಲಿ ಮೂರು ಪಾಲು ಜನ ಸರಿ ಹೇಳಿದರು. ಅಭ್ಯರ್ಥಿಗಳಿಗೆ ಇದರಲ್ಲಿ ನೇರ ಉಪಯೋಗ ಇದೆ: ಅಕ್ಷರದ ಪ್ರಶ್ನೆ ತಲೆಗೆ ಹೋಗದಿದ್ದರೆ ಅದನ್ನು ಅಂಗಡಿಯ ಗಲ್ಲಾಪೆಟ್ಟಿಗೆ ಮುಂದೆ ತಂದು ನಿಲ್ಲಿಸಿ.

‘ಆದರೆ–ಆಗ’ ಹೇಳಿಕೆಯಲ್ಲಿ ನಾಲ್ಕು ದಾರಿ, ಎರಡು ಗಟ್ಟಿ, ಎರಡು ಟೊಳ್ಳು. ‘ಮಳೆ ಬಂದರೆ ಸಂತೆ ನಡೆಯಲ್ಲ’ ಅಂತ ಹೇಳಿಕೆ. ಮಳೆ ಬಂತು, ಹಾಗಾಗಿ ಸಂತೆ ಇಲ್ಲ: ಗಟ್ಟಿ. ಸಂತೆ ನಡೆಯಿತು, ಹಾಗಾಗಿ ಮಳೆ ಬಂದಿಲ್ಲ: ಇದೂ ಗಟ್ಟಿ, ಆದ್ರೆ ಜನಕ್ಕೆ ಹೊಳೆಯೋದು ತಡ. ಸಂತೆ ನಡೆದಿಲ್ಲ, ಹಾಗಾಗಿ ಮಳೆ ಬಂದಿರಬೇಕು: ಟೊಳ್ಳು, ಚುನಾವಣೆ ಇದ್ದಿರಬಹುದು. ಮಳೆ ಬರಲಿಲ್ಲ, ಹಾಗಾಗಿ ಸಂತೆ ನಡೆದಿರಬೇಕು: ಇದೂ ಟೊಳ್ಳು.

ಇದು ಪರದೇಶದ ಸರಕು ಅಂದುಕೊಳ್ಳಬೇಕಿಲ್ಲ. ನ್ಯಾಯ ದರ್ಶನದಲ್ಲಿ ಬೆಟ್ಟದ ಮೇಲಿನ ಹೊಗೆ ನೋಡಿ ಬೆಂಕಿ ಇದೆ ಅನ್ನೋದು ಅನುಮಾನದ ಹಳೇ ಉದಾಹರಣೆ. ಹೊಗೆ ಇದ್ದಲ್ಲಿ ಬೆಂಕಿ ಇರುತ್ತೆ. ಬೆಂಕಿ ಇದ್ದಲ್ಲೆಲ್ಲ ಹೊಗೆ ಇರಬೇಕಾ? ಇಲ್ಲ ಅಂತ ತೋರಿಸೋಕೆ ಅವರು ಕೊಡೋ ಉದಾಹರಣೆ ಕೆಂಪಗೆ ಕಾದ ಕಬ್ಬಿಣದ ಗುಂಡು. ಕಮ್ಮಾರರ ಕುಲುಮೆ ನೋಡಿದವರಿಗೆ ಬೇರೆ ವಿವರಣೆ ಬೇಡ. ಪಿಯುಸಿ ಕಲಾ ವಿಭಾಗದಲ್ಲಿ ತರ್ಕಶಾಸ್ತ್ರ ಅಂತ ಒಂದು ವಿಷಯವೇ ಇದೆ. ಅದನ್ನು ತಗೊಂಡವರ ಹಳೇ ಪುಸ್ತಕ ಸಿಕ್ಕರೆ ರದ್ದಿಗೆ ಹಾಕಬೇಡಿ.

‘ಕ್ಯೂಆರ್ ತೆಗೆದ್ರ ಟ್ಯಾಕ್ಸ್ ಇಲ್ಲ’: ಈ ತೀರ್ಮಾನ ಹೊರಡುತ್ತಾ?

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಯ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಏನಾಯ್ತು ಅಂತ ಎಲ್ಲರಿಗೂ ನೆನಪಿದೆ. ಬೇಕರಿ, ಚಹಾ ಅಂಗಡಿ, ಕಾಂಡಿಮೆಂಟ್ಸ್‌ಗಳಲ್ಲಿ ಕ್ಯೂಆರ್ ಕೋಡ್ ಕಿತ್ತು ‘ನೋ ಯುಪಿಐ, ಓನ್ಲಿ ಕ್ಯಾಶ್’ ಅಂತ ಚೀಟಿ ಅಂಟಿಸಿದರು. ‘ಫೋನ್‌ಪೇ ಬ್ಯಾಡ್ರಿ ಅಣ್ಣಾ, ರೊಕ್ಕ ಕೊಡ್ರಿ, ಇಲ್ಲಂದ್ರ ಟ್ಯಾಕ್ಸ್ ಬೀಳ್ತದ’ ಅನ್ನೋದು ಕೌಂಟರ್ ಮಾತಾಯ್ತು. ಪರೀಕ್ಷೆ ಪ್ರಶ್ನೆ ಥರ ಇದನ್ನು ಬಿಡಿಸಿ ನೋಡೋಣ, ಯಾಕಂದ್ರೆ ಇಲ್ಲಿ ಹೋಗೋದು ಅಂಕ ಅಲ್ಲ, ರೊಕ್ಕ.

ಹೇಳಿಕೆ: ಸರಕು ಮಾರೋರ ವಹಿವಾಟು ವರ್ಷಕ್ಕೆ 40 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು. ಸೇವೆ ಆದರೆ 20 ಲಕ್ಷ.

ಮೊದಲ ತೀರ್ಮಾನ: ‘ಯುಪಿಐ ತಗೊಂಡರೆ ಟ್ಯಾಕ್ಸ್ ಕಟ್ಟಬೇಕು.’ ಹೊರಡಲ್ಲ. ಹೇಳಿಕೆಯಲ್ಲಿ ಯುಪಿಐ ಅನ್ನೋ ಪದವೇ ಇಲ್ಲ. ವರ್ಷಕ್ಕೆ ಹತ್ತು ಲಕ್ಷ ವಹಿವಾಟು ಮಾಡಿ ಅಷ್ಟನ್ನೂ ಫೋನಲ್ಲೇ ತಗೊಂಡರೂ ನೋಂದಣಿಯ ಮಿತಿಗೆ ಬರಲ್ಲ.

ಎರಡನೇದು: ‘ಯುಪಿಐ ಜಮೆ 40 ಲಕ್ಷ ದಾಟಿಲ್ಲ, ಹಾಗಾಗಿ ನೋಂದಣಿ ಬೇಡ.’ ಇದೂ ಹೊರಡಲ್ಲ. ವಹಿವಾಟು ಅಂದ್ರೆ ನಗದು, ಚೆಕ್ಕು, ಕಾರ್ಡ್ ಎಲ್ಲ ಸೇರಿ. ಯುಪಿಐ ಮೂವತ್ತು, ನಗದು ಇಪ್ಪತ್ತು ಇದ್ದರೆ ಒಟ್ಟು ಐವತ್ತು. ಕ್ಯೂಆರ್ ಕಿತ್ತರೆ ದಾಖಲೆ ಕಮ್ಮಿ ಆಗಬಹುದು, ವಹಿವಾಟು ಕಮ್ಮಿ ಆಗಲ್ಲ. ಕ್ಯೂಆರ್ ತೆಗೆದವರು ಮಾಡಿದ್ದು ಮಳೆ-ಸಂತೆಯ ನಾಲ್ಕನೇ ದಾರಿ: ಕಾರಣ ತೆಗೆದರೆ ಪರಿಣಾಮವೂ ಹೋಗುತ್ತೆ ಅನ್ನೋ ಲೆಕ್ಕ. ಜೊತೆಗೆ, ಕೈಯಲ್ಲಿ ಚಿಲ್ಲರೆ ಇಲ್ಲದ ಗಿರಾಕಿ ಪಕ್ಕದ ಅಂಗಡಿಗೆ ಹೋಗಿದ್ದು ಬೇರೆ ನಷ್ಟ.

ಮೂರನೇದು ಇಲಾಖೆಯ ಕಡೆಯಿಂದ: ‘ಯುಪಿಐ ಜಮೆಯೇ 40 ಲಕ್ಷ ದಾಟಿದೆ, ಹಾಗಾಗಿ ವಹಿವಾಟು 40 ಲಕ್ಷ ದಾಟಿದೆ.’ ನೋಡೋಕೆ ಗಟ್ಟಿ. ಒಂದು ಭಾಗವೇ ಅಷ್ಟಾದರೆ ಒಟ್ಟು ಅದಕ್ಕಿಂತ ಕಮ್ಮಿ ಇರೋಕೆ ಸಾಧ್ಯ ಇಲ್ಲ. ಆದ್ರೆ ಒಳಗೆ ಒಂದು ಮುಚ್ಚಿದ ಹೇಳಿಕೆ ಇದೆ: ಆ ನಂಬರಿಗೆ ಬಂದಿದ್ದೆಲ್ಲ ವ್ಯಾಪಾರದ್ದೇ. ತಮ್ಮ ಹಾಕಿದ ಕೈಗಡ, ಮಗಳ ಮದುವೆಗೆ ನೆಂಟರು ಕಳಿಸಿದ್ದು, ಚೀಟಿ ಹಣ ಎಲ್ಲ ಅದೇ ಖಾತೆಗೆ ಬಿದ್ದಿದ್ದರೆ ತೀರ್ಮಾನ ಅಲ್ಲಾಡುತ್ತೆ. ಇಂಥ ಮುಚ್ಚಿದ ಹೇಳಿಕೆ ಹುಡುಕೋದನ್ನೇ ಪರೀಕ್ಷೆಯಲ್ಲಿ ‘ಹೇಳಿಕೆ ಮತ್ತು ಊಹೆ’ ಅಂತ ಬೇರೆ ವಿಧವಾಗಿ ಕೇಳ್ತಾರೆ. ವ್ಯಾಪಾರಿಗಳು ನೋಟಿಸಿಗೆ ಉತ್ತರ ಕೊಡುವಾಗ ಹಿಡಿಯಬೇಕಾದ ಎಳೆಯೂ ಇದೇ. ಮನೆ ಖಾತೆ, ಅಂಗಡಿ ಖಾತೆ ಬೇರೆ ಮಾಡಿಕೊಂಡರೆ ಈ ಜಗಳವೇ ಬರಲ್ಲ.

ನಾಲ್ಕನೇದು: ‘ವಹಿವಾಟು 40 ಲಕ್ಷ ದಾಟಿದೆ, ಹಾಗಾಗಿ ತೆರಿಗೆ ಕಟ್ಟಲೇಬೇಕು.’ ಇಲ್ಲಿ ಹೇಳಿಕೆಯೇ ಪೂರ್ತಿ ಇಲ್ಲ. ಬರೀ ತಾಜಾ ತರಕಾರಿ, ಹಣ್ಣು, ಬಿಡಿ ಹಾಲಿನಂಥ ವಿನಾಯಿತಿ ಸರಕನ್ನಷ್ಟೇ ಮಾರೋರಿಗೆ ಮಿತಿ ದಾಟಿದರೂ ನೋಂದಣಿ ಕಡ್ಡಾಯ ಇಲ್ಲ. ಅಂಥವರಿಗೂ ನೋಟಿಸ್ ಹೋಗಿದ್ದಕ್ಕೇ ಅಷ್ಟು ಗದ್ದಲ ಎದ್ದಿದ್ದು, ಆಮೇಲೆ ಸರ್ಕಾರ ವಿನಾಯಿತಿ ಸರಕಿಗೆ ತೆರಿಗೆ ವಸೂಲಿ ಇಲ್ಲ ಅಂತ ಹೇಳಬೇಕಾಗಿ ಬಂದಿದ್ದು. ನೋಟಿಸ್ ಅಂದ್ರೆ ವಿವರಣೆ ಕೇಳೋ ಪತ್ರ, ಅಂತಿಮ ಆದೇಶ ಅಲ್ಲ. ‘ನೋಟಿಸ್ ಬಂತು, ಹಾಗಾಗಿ ತಪ್ಪಿತಸ್ಥ’ ಅನ್ನೋದೂ ಹೊರಡದ ತೀರ್ಮಾನವೇ. ಉತ್ತರ ಕೊಡದೆ ಕೂತರೆ ಮಾತ್ರ ಕಷ್ಟ.

‘ಮಾಹಿತಿ ಸಾಲದು’ ಅನ್ನೋಕೆ ಹಿಂಜರಿಕೆ

ಒಂದು ಪ್ಯಾರಾ ಕೊಟ್ಟು, ಕೆಳಗಿನ ಪ್ರತಿ ವಾಕ್ಯ ಖಂಡಿತ ನಿಜ, ಬಹುಶಃ ನಿಜ, ಮಾಹಿತಿ ಸಾಲದು, ಬಹುಶಃ ಸುಳ್ಳು, ಖಂಡಿತ ಸುಳ್ಳು ಅಂತ ಗುರುತು ಮಾಡಿ ಅನ್ನೋ ಮಾದರಿ ಬ್ಯಾಂಕ್ ಪರೀಕ್ಷೆಗಳ ಹಳೇ ಪತ್ರಿಕೆಗಳಲ್ಲಿ ಬೇಕಾದಷ್ಟಿದೆ. ಉದಾಹರಣೆಗೆ ಹೀಗೊಂದು ಪ್ಯಾರಾ:

‘ಶಕ್ತಿ ಯೋಜನೆ 2023ರ ಜೂನ್ 11ರಂದು ಆರಂಭವಾಯಿತು. ಇದರಡಿ ರಾಜ್ಯದ ಮಹಿಳೆಯರು ಸರ್ಕಾರಿ ಸಾರಿಗೆಯ ಸಾಮಾನ್ಯ ಬಸ್‌ಗಳಲ್ಲಿ ರಾಜ್ಯದೊಳಗೆ ಉಚಿತವಾಗಿ ಪ್ರಯಾಣಿಸಬಹುದು. ರಾಜಹಂಸ, ಐರಾವತದಂತಹ ಐಷಾರಾಮಿ ಬಸ್‌ಗಳಿಗೆ ಇದು ಅನ್ವಯಿಸುವುದಿಲ್ಲ.’

‘ಶಕ್ತಿ ಯೋಜನೆಯಡಿ ಐರಾವತದಲ್ಲಿ ಉಚಿತ ಪ್ರಯಾಣ ಸಿಗಲ್ಲ’ ಅನ್ನೋದು ಖಂಡಿತ ನಿಜ. ‘ಸಾಮಾನ್ಯ ಬಸ್‌ನಲ್ಲಿ ಟಿಕೆಟ್‌ಗೆ ಹಣ ಕೊಟ್ಟವರೆಲ್ಲ ಗಂಡಸರು’? ಪ್ಯಾರಾ ಹೇಳ್ತಿರೋದು ರಾಜ್ಯದ ಮಹಿಳೆಯರ ಬಗ್ಗೆ. ಹೊರರಾಜ್ಯದ ಮಹಿಳೆಯರ ಬಗ್ಗೆ ಒಂದು ಪದವೂ ಇಲ್ಲ, ಹಾಗಾಗಿ ಮಾಹಿತಿ ಸಾಲದು. ‘ಶಕ್ತಿ ಬಂದ ಮೇಲೆ ಹಳ್ಳಿ ಅಂಗಡಿಗಳ ವ್ಯಾಪಾರ ಇಳಿದು ತಾಲ್ಲೂಕು ಪೇಟೆಯ ವ್ಯಾಪಾರ ಏರಿದೆ’? ಅಂಗಡಿ ಕಟ್ಟೆಯ ಮೇಲೆ ಈ ಬಗ್ಗೆ ಗಂಟೆಗಟ್ಟಲೆ ವಾದ ಮಾಡಬಹುದು, ಸಂತೆಗೆ ಬರೋ ಹೆಣ್ಮಕ್ಕಳ ಸಂಖ್ಯೆ ಎಣಿಸಬಹುದು. ಪ್ಯಾರಾದಲ್ಲಿ ವ್ಯಾಪಾರದ ಮಾತೇ ಇಲ್ಲ. ಮಾಹಿತಿ ಸಾಲದು.

ಹಳ್ಳಿ ಕಡೆಯಿಂದ ಬಂದ ಚುರುಕು ಹುಡುಗರು ಈ ಉತ್ತರ ಗುರುತು ಮಾಡೋಕೆ ಹಿಂದೇಟು ಹಾಕ್ತಾರೆ. ‘ಗೊತ್ತಿಲ್ಲ’ ಅಂದ್ರೆ ಸೋತ ಹಾಗೆ ಅಂತ ಶಾಲೆಯಿಂದಲೇ ತಲೆಗೆ ತುಂಬಿರುತ್ತೆ. ಈ ಪತ್ರಿಕೆಯಲ್ಲಿ ‘ಇಷ್ಟರಿಂದ ಹೇಳೋಕೆ ಬರಲ್ಲ’ ಅನ್ನೋದು ಪೂರ್ತಿ ಅಂಕದ ಉತ್ತರ.

ಊಹಿಸಿ ಗುರುತು ಹಾಕಬಹುದಾ?

ಲೆಕ್ಕ ಹೀಗಿದೆ. ಐದು ಆಯ್ಕೆ, ತಪ್ಪಿಗೆ ಕಾಲು ಅಂಕ ಕಡಿತ ಅಂದ್ರೆ, ಕಣ್ಣು ಮುಚ್ಚಿ ಐದು ಪ್ರಶ್ನೆ ಗುರುತು ಹಾಕಿದರೆ ಸರಾಸರಿ ಒಂದು ಸರಿ, ನಾಲ್ಕು ತಪ್ಪು: ಒಂದು ಬಂತು, ಒಂದು ಹೋಯ್ತು, ಸೊನ್ನೆ. ನಾಲ್ಕು ಆಯ್ಕೆ, ಮೂರನೇ ಒಂದು ಕಡಿತ ಇದ್ದರೂ ಲೆಕ್ಕ ಸೊನ್ನೆಗೇ ಬಂದು ನಿಲ್ಲುತ್ತೆ. ಆದ್ರೆ ಒಂದು ಆಯ್ಕೆ ಖಂಡಿತ ಅಲ್ಲ ಅಂತ ಹೊಡೆದು ಹಾಕೋಕೆ ಬಂದರೆ ಲೆಕ್ಕ ಲಾಭದ ಕಡೆ ವಾಲುತ್ತೆ. ತೀರ್ಮಾನದ ಪ್ರಶ್ನೆಯಲ್ಲಿ ಹೊಡೆದು ಹಾಕೋದು ಬೇರೆ ವಿಷಯಕ್ಕಿಂತ ಸುಲಭ, ಯಾಕಂದ್ರೆ ಕೆಡವೋ ಚಿತ್ರ ಒಂದು ಸಿಕ್ಕರೆ ಸಾಕು. ಆಯ್ಕೆಯಲ್ಲಿ ಹೇಳಿಕೆಯಲ್ಲಿಲ್ಲದ ಹೊಸ ಪದ ಬಂದಿದ್ದರೆ, ಹೇಳಿಕೆ ‘ಕೆಲವು’ ಅಂದಾಗ ಆಯ್ಕೆ ‘ಎಲ್ಲ’ ಅಂದಿದ್ದರೆ ಮೊದಲು ಅದರ ಮೇಲೆ ಅನುಮಾನ ಪಡಬೇಕು.

ಮನೆಯಲ್ಲೇ ಮಾಡಿ ನೋಡಲು ಮೂರು

ಒಂದು: ತಾಲ್ಲೂಕಿನ ಎಲ್ಲ ಕಿರಾಣಿ ಅಂಗಡಿಗಳು ಬೆಳಗ್ಗೆ 7ಕ್ಕೆ ತೆರೆಯುತ್ತವೆ. ಈ ಅಂಗಡಿ 7ಕ್ಕೆ ತೆರೆಯುತ್ತದೆ. ಆದ್ದರಿಂದ ಇದು ಕಿರಾಣಿ ಅಂಗಡಿ.

ಎರಡು: ಕೆಲವು ವಕೀಲರು ಕವಿಗಳು. ಎಲ್ಲ ಕವಿಗಳು ಗಾಯಕರು. ಆದ್ದರಿಂದ (ಅ) ಕೆಲವು ವಕೀಲರು ಗಾಯಕರು. (ಬ) ಎಲ್ಲ ಗಾಯಕರು ಕವಿಗಳು.

ಮೂರು: ಯಾವ ಎತ್ತೂ ಬಸ್ಸಲ್ಲ. ಕೆಲವು ಬಸ್ಸುಗಳು ಹಳದಿ. ಆದ್ದರಿಂದ (ಅ) ಕೆಲವು ಎತ್ತುಗಳು ಹಳದಿ ಅಲ್ಲ. (ಬ) ಕೆಲವು ಹಳದಿ ವಸ್ತುಗಳು ಎತ್ತು ಅಲ್ಲ.

ಉತ್ತರ: ಮೊದಲನೆಯದು ಹೊರಡಲ್ಲ, ಚಹಾ ಅಂಗಡಿಯೂ 7ಕ್ಕೆ ತೆರೆಯಬಹುದು. ಎರಡನೆಯದರಲ್ಲಿ (ಅ) ಹೊರಡುತ್ತೆ, ಕವಿಗಳಾದ ಆ ವಕೀಲರು ಗಾಯಕರೂ ಆಗಲೇಬೇಕು. (ಬ) ಹೊರಡಲ್ಲ, ಅದು ಕೆಂಪಗಿರೋದೆಲ್ಲ ಬ್ಯಾಡಗಿ ಅಂದ ಹಾಗೆ. ಮೂರನೆಯದರಲ್ಲಿ (ಬ) ಹೊರಡುತ್ತೆ, ಹಳದಿ ಬಸ್ಸುಗಳೇ ಸಾಕ್ಷಿ. (ಅ) ಹೊರಡಲ್ಲ. ಲೋಕದ ಎತ್ತುಗಳಿಗೆಲ್ಲ ಹಳದಿ ಬಳಿದರೂ ಎರಡೂ ಹೇಳಿಕೆ ನಿಜವಾಗೇ ಉಳಿಯುತ್ತವೆ.